ಕರ್ನಾಟಕದಲ್ಲಿ ಕೋವಿಡ್-19: ರಾಜ್ಯ ಸರ್ಕಾರದ ಸಾರ್ವಜನಿಕ ಆರೋಗ್ಯ ಕ್ರಮಗಳು, 2020–2022

ಕೋವಿಡ್-19 ಮಹಾಸಾಂಕ್ರಾಮಿಕವನ್ನು ತಡೆಯಲು ಕರ್ನಾಟಕ ಸರ್ಕಾರ 2020ರ ಮಾರ್ಚ್‌ನಿಂದ 2022ರ ಆರಂಭದವರೆಗೆ ನಡೆಸಿದ ಕಾರ್ಯಾಚರಣೆಯ ವ್ಯಾಪ್ತಿ ದೊಡ್ಡದು. ಸೋಂಕಿತರ ಪತ್ತೆ, ಕ್ವಾರಂಟೈನ್, ಲಾಕ್‌ಡೌನ್, ಆಸ್ಪತ್ರೆಗಳ ಸಜ್ಜು, ಆಮ್ಲಜನಕದ ಪೂರೈಕೆ, ಲಸಿಕೆ, ಸತ್ತವರ ಅಂತ್ಯಸಂಸ್ಕಾರ, ಉಳಿದವರಿಗೆ ಪರಿಹಾರ ಇವೆಲ್ಲ ಅದರೊಳಗೆ ಬರುತ್ತವೆ. ಈ ಅವಧಿಯಲ್ಲಿ ರಾಜ್ಯ ಮೂರು ಅಲೆಗಳನ್ನು ಕಂಡಿತು. ಬಿ.ಎಸ್. ಯಡಿಯೂರಪ್ಪ 2021ರ ಜುಲೈ 26ರವರೆಗೆ ಮುಖ್ಯಮಂತ್ರಿಯಾಗಿದ್ದರು, ಆಮೇಲೆ ಬಸವರಾಜ ಬೊಮ್ಮಾಯಿ ಬಂದರು. ಮೊದಲ ಅಲೆಯಲ್ಲಿ ಸಂಪರ್ಕಿತರನ್ನು ಹುಡುಕಿ ತೆಗೆಯುವ ಕೆಲಸದಲ್ಲಿ ದೇಶಕ್ಕೇ ಮಾದರಿ ಎನಿಸಿದ್ದ ರಾಜ್ಯ, ಎರಡನೇ ಅಲೆಯಲ್ಲಿ ತನ್ನ ರೋಗಿಗಳಿಗೆ ಹಾಸಿಗೆ, ಆಮ್ಲಜನಕ ಒದಗಿಸಲಾಗದೆ ಕುಸಿಯಿತು. ಮಾಹಿತಿ ಇಲ್ಲದೆ ಈ ಸೋಲು ಬರಲಿಲ್ಲ. ಕೈಯಲ್ಲಿದ್ದ ಮಾಹಿತಿಯ ಮೇಲೆ ಸಕಾಲದಲ್ಲಿ ತೀರ್ಮಾನ ತೆಗೆದುಕೊಳ್ಳದೆ ಬಂತು.

ಹಿನ್ನೆಲೆ

ಸಾಂಕ್ರಾಮಿಕ ಕರ್ನಾಟಕಕ್ಕೆ ಹೊಸದಲ್ಲ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಊರಿನ ನಕ್ಷೆಯನ್ನೇ ಬದಲಿಸಿತು. ಬಸವನಗುಡಿ, ಮಲ್ಲೇಶ್ವರಗಳು ಗಾಳಿ ಬೆಳಕಿರುವ ಹೊಸ ಬಡಾವಣೆಗಳಾಗಿ ಬೆಳೆದವು, 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಬಾಗಿಲು ತೆರೆಯಿತು. ನೂರಿಪ್ಪತ್ತು ವರ್ಷಗಳ ನಂತರ ಅದೇ ಆಸ್ಪತ್ರೆ ಕೋವಿಡ್ ರೋಗಿಗಳಿಗೆ ಮೀಸಲಾಯಿತು. ಕಾನೂನೂ ಆ ಕಾಲದ್ದೇ. 1897ರಲ್ಲಿ ಮುಂಬಯಿ ಪ್ಲೇಗಿಗಾಗಿ ಬ್ರಿಟಿಷರು ತಂದ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿಯಲ್ಲೇ ರಾಜ್ಯ ಸರ್ಕಾರ 2020ರ ಮಾರ್ಚ್‌ನಲ್ಲಿ ಕೋವಿಡ್ ನಿಯಮಾವಳಿಯನ್ನು ಹೊರಡಿಸಿತು. ವೈರಾಣುವಿನ ಅನುಭವವೂ ಇತ್ತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯೊಂದಿಗೆ ಮಲೆನಾಡಿನ ಆರೋಗ್ಯ ಸಿಬ್ಬಂದಿ ಆಗಲೇ ಆರು ದಶಕಗಳಿಂದ ಹೆಣಗುತ್ತಿದ್ದರು. ಆದರೆ ಇಡೀ ರಾಜ್ಯವನ್ನು ಒಮ್ಮೆಲೇ ಆವರಿಸುವ ಉಸಿರಾಟದ ಸೋಂಕಿಗೆ ಬೇಕಾದಷ್ಟು ಪ್ರಯೋಗಾಲಯಗಳಾಗಲಿ, ತಾಲ್ಲೂಕು ಮಟ್ಟದಲ್ಲಿ ವೆಂಟಿಲೇಟರುಗಳಾಗಲಿ ಇರಲಿಲ್ಲ.

ಮೊದಲ ವಾರಗಳು

ಭಾರತದ ಮೊದಲ ಪ್ರಕರಣ 2020ರ ಜನವರಿ 30ರಂದು ಕೇರಳದಲ್ಲಿ ಪತ್ತೆಯಾಯಿತು. ಕರ್ನಾಟಕದ ಮೊದಲ ಪ್ರಕರಣ ಮಾರ್ಚ್ ಎರಡನೇ ವಾರದಲ್ಲಿ, ಅಮೆರಿಕದಿಂದ ಬೆಂಗಳೂರಿಗೆ ಮರಳಿದ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರಲ್ಲಿ ಕಂಡುಬಂತು. ಅದರ ಬೆನ್ನಿಗೇ ಕಲಬುರಗಿಯ ಸುದ್ದಿ ಬಂತು. ಸೌದಿ ಅರೇಬಿಯಾದಿಂದ ಮರಳಿದ್ದ 76 ವರ್ಷದ ಹಿರಿಯರೊಬ್ಬರು ಮಾರ್ಚ್ 10ರಂದು ತೀರಿಕೊಂಡರು. ಅವರಿಗೆ ಕೋವಿಡ್ ಇತ್ತೆಂಬುದು ಖಚಿತವಾದದ್ದು ಮಾರ್ಚ್ 12ರಂದು. ಅದು ದೇಶದ ಮೊದಲ ಕೋವಿಡ್ ಸಾವು. ಕಾಯಿಲೆ ಬಿದ್ದ ಮೇಲೆ ಅವರನ್ನು ಕಲಬುರಗಿಯಿಂದ ಹೈದರಾಬಾದಿಗೆ ಒಯ್ದು, ಅಲ್ಲಿಂದ ಮತ್ತೆ ಹಿಂದಕ್ಕೆ ಕರೆತರಲಾಗಿತ್ತು. ಕಲ್ಯಾಣ ಕರ್ನಾಟಕದ ರೋಗಿಯೊಬ್ಬರಿಗೆ ಹತ್ತಿರದ ದೊಡ್ಡ ಆಸ್ಪತ್ರೆ ಇನ್ನೊಂದು ರಾಜ್ಯದ ರಾಜಧಾನಿಯಲ್ಲಿದೆ ಎಂಬ ಹಳೆಯ ಕೊರತೆ ಈ ಒಂದು ಪ್ರಯಾಣದಲ್ಲಿ ಎಲ್ಲರಿಗೂ ಕಾಣುವಂತಾಯಿತು.

ಸರ್ಕಾರ ಆ ದಿನಗಳಲ್ಲಿ ವೇಗವಾಗಿ ನಡೆದುಕೊಂಡಿತು. ಮಾರ್ಚ್ 13ರಂದು ಮುಖ್ಯಮಂತ್ರಿ ಮಾಲ್, ಚಿತ್ರಮಂದಿರ, ಪಬ್ಬುಗಳನ್ನು ಒಂದು ವಾರ ಮುಚ್ಚಲು, ದೊಡ್ಡ ಮದುವೆ, ಜಾತ್ರೆಗಳನ್ನು ನಿಲ್ಲಿಸಲು ಆದೇಶಿಸಿದರು. ರಾಷ್ಟ್ರವ್ಯಾಪಿ ಲಾಕ್‌ಡೌನ್‌ಗೆ ಇನ್ನೂ ಹನ್ನೆರಡು ದಿನ ಇತ್ತು. ವಿದೇಶದಿಂದ ಬಂದವರ ಕೈ ಮೇಲೆ ಅಳಿಸದ ಶಾಯಿಯ ಮುದ್ರೆ ಬಿತ್ತು. ಮನೆಯಲ್ಲೇ ಕ್ವಾರಂಟೈನ್ ಆದವರು ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಗಂಟೆಗೊಮ್ಮೆ ಸೆಲ್ಫಿ ತೆಗೆದು ಸರ್ಕಾರದ ಆ್ಯಪ್‌ಗೆ ಕಳಿಸಬೇಕೆಂಬ ಆದೇಶ ಮಾರ್ಚ್ ಕೊನೆಯಲ್ಲಿ ಹೊರಟಿತು. ಖಾಸಗಿ ಬದುಕಿಗೆ ಇದು ತೀರಾ ಹತ್ತಿರ ಬಂತೆಂಬ ಟೀಕೆ ಆಗಲೇ ಕೇಳಿಬಂದಿತ್ತು, ಅದು ನ್ಯಾಯವಾದ ಟೀಕೆಯೇ ಆಗಿತ್ತು. ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳನ್ನು ಬಹಿರಂಗಪಡಿಸಿದ್ದಂತೂ ಸೋಂಕಿಗಿಂತ ವೇಗವಾಗಿ ಭಯವನ್ನು ಹರಡಿತು.

ಪತ್ತೆಯ ಕೆಲಸ

ಕರ್ನಾಟಕ ಕೋವಿಡ್ ನಿರ್ವಹಣೆಗೆ ಕೊಟ್ಟ ನಿಜವಾದ ಕೊಡುಗೆ ಸಂಪರ್ಕಿತರ ಪತ್ತೆ. ಪ್ರತಿ ಸೋಂಕಿತರಿಗೂ ಒಂದು ಸಂಖ್ಯೆ ಕೊಟ್ಟು, ಅವರಿಗೆ ಸೋಂಕು ಯಾರಿಂದ ಬಂತು, ಅವರಿಂದ ಯಾರಿಗೆ ಹೋಯಿತು ಎಂಬ ಸರಪಳಿಯನ್ನು ರಾಜ್ಯದ ದೈನಂದಿನ ಪ್ರಕಟಣೆಯಲ್ಲಿ ಅಚ್ಚು ಹಾಕಲಾಗುತ್ತಿತ್ತು. ಓದುಗರಿಗೆ ‘ಪಿ’ ಅಕ್ಷರದ ಮುಂದಿನ ಆ ಸಂಖ್ಯೆಗಳು ನೆನಪಿರಬಹುದು. ಬೆಂಗಳೂರಿನ ಕೋವಿಡ್ ವಾರ್ ರೂಂನಲ್ಲಿ ಐಎಎಸ್ ಅಧಿಕಾರಿ ಮುನೀಶ್ ಮೌದ್ಗಿಲ್ ಅವರ ಉಸ್ತುವಾರಿಯಲ್ಲಿ ದತ್ತಾಂಶ ಕ್ರೋಡೀಕರಣವಾಗುತ್ತಿತ್ತು. ಜಿಲ್ಲೆಗಳಲ್ಲಿ ಪೊಲೀಸರು, ಕಂದಾಯ ಸಿಬ್ಬಂದಿ, ಶಿಕ್ಷಕರು, ಆರೋಗ್ಯ ಕಾರ್ಯಕರ್ತೆಯರು ಪ್ರಾಥಮಿಕ ಮತ್ತು ದ್ವಿತೀಯ ಸಂಪರ್ಕಿತರನ್ನು ಹುಡುಕಿ ಪಟ್ಟಿ ಮಾಡುತ್ತಿದ್ದರು.

ಇದರ ಫಲ ಹೆಚ್ಚು ಸ್ಪಷ್ಟವಾಗಿ ಕಂಡದ್ದು ನಂಜನಗೂಡಿನಲ್ಲಿ. ಅಲ್ಲಿನ ಔಷಧ ಕಾರ್ಖಾನೆಯೊಂದರ ನೌಕರರೊಬ್ಬರಿಗೆ ಮಾರ್ಚ್ ಕೊನೆಯಲ್ಲಿ ಸೋಂಕು ದೃಢಪಟ್ಟಿತು. ಅವರು ವಿದೇಶಕ್ಕೆ ಹೋಗಿ ಬಂದವರಲ್ಲ, ಮೂಲ ಯಾವುದೆಂದು ತಿಳಿಯಲಿಲ್ಲ. ಸಹೋದ್ಯೋಗಿಗಳು, ಅವರ ಮನೆಯವರು ಎಂದು ಸರಪಳಿ ಎಪ್ಪತ್ತು ದಾಟಿ ಬೆಳೆಯಿತು, ಮೈಸೂರು ಜಿಲ್ಲೆ ರಾಜ್ಯದ ಅತಿ ಹೆಚ್ಚು ಸೋಂಕಿನ ತಾಣಗಳಲ್ಲೊಂದಾಯಿತು. ಸಾವಿರಾರು ಕಾರ್ಮಿಕರನ್ನೂ ಅವರ ಕುಟುಂಬಗಳನ್ನೂ ಕ್ವಾರಂಟೈನ್ ಮಾಡಿ, ಊರನ್ನು ಸೀಲ್‌ಡೌನ್ ಮಾಡಿ, ಮೇ ಮಧ್ಯದ ಹೊತ್ತಿಗೆ ಜಿಲ್ಲೆಯಲ್ಲಿ ಒಬ್ಬ ಸಕ್ರಿಯ ರೋಗಿಯೂ ಉಳಿಯದಂತೆ ಮಾಡಲಾಯಿತು. ಮೂಲ ಸಿಗದಿದ್ದರೂ ಕವಲುಗಳನ್ನೆಲ್ಲ ಕತ್ತರಿಸಿದರೆ ಸೋಂಕು ನಿಲ್ಲುತ್ತದೆ ಎಂಬುದಕ್ಕೆ ನಂಜನಗೂಡು ಒಳ್ಳೆಯ ಪಾಠ.

ಮೇ ತಿಂಗಳಲ್ಲಿ ಮನೆಮನೆ ಸಮೀಕ್ಷೆ ನಡೆಯಿತು. ಸುಮಾರು ಒಂದೂವರೆ ಕೋಟಿ ಮನೆಗಳಿಗೆ ಹೋಗಿ ಹಿರಿಯರು, ಗರ್ಭಿಣಿಯರು, ಬಾಣಂತಿಯರು, ಬೇರೆ ಕಾಯಿಲೆ ಇದ್ದವರು, ಜ್ವರ ಕೆಮ್ಮು ಇದ್ದವರು ಯಾರೆಂದು ಬರೆದುಕೊಳ್ಳಲಾಯಿತು. ಏಪ್ರಿಲ್ 22ರಂದು ಆರಂಭವಾಗಿದ್ದ ‘ಆಪ್ತಮಿತ್ರ’ ಸಹಾಯವಾಣಿ 14410ರಿಂದ ಇಂಥವರಿಗೆ ಕರೆ ಹೋಗುತ್ತಿತ್ತು. ಜೂನ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಈ ಎರಡೂ ಕೆಲಸಗಳನ್ನು ಇತರ ರಾಜ್ಯಗಳಿಗೆ ಮಾದರಿಯಾಗಿ ತೋರಿಸಿತು.

ಈ ಸಮೀಕ್ಷೆಯ ಭಾರವನ್ನು ಹೊತ್ತವರು ಆಶಾ ಕಾರ್ಯಕರ್ತೆಯರು. ರಾಜ್ಯದಲ್ಲಿ ಅವರ ಸಂಖ್ಯೆ ಸುಮಾರು 42,000. ಸರ್ಕಾರಿ ನೌಕರರೆಂಬ ಸ್ಥಾನವಿಲ್ಲ, ಸಂಬಳವಿಲ್ಲ, ಗೌರವಧನ ಮತ್ತು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ ಮಾತ್ರ. ಅವರು ಸಮೀಕ್ಷೆಗೆ ಹೋದ ಕಡೆ ಕೆಲವೆಡೆ ಜನ ಬಾಗಿಲು ಮುಚ್ಚಿದರು, ಕೆಲವೆಡೆ ಹಲ್ಲೆಯೂ ನಡೆಯಿತು. ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನ, ಸಾಕಷ್ಟು ಮಾಸ್ಕು, ಸ್ಯಾನಿಟೈಸರ್ ಕೇಳಿ 2020ರ ಜುಲೈ 10ರಿಂದ ಅವರು ಕೆಲಸ ನಿಲ್ಲಿಸಿದರು. ದೇಶವೇ ಹೊಗಳಿದ ಪತ್ತೆ ಕಾರ್ಯದ ಕಾಲಾಳುಗಳು ಎರಡು ತಿಂಗಳೊಳಗೆ ಬೀದಿಗಿಳಿಯಬೇಕಾಯಿತೆಂಬುದು ಈ ಇತಿಹಾಸದ ಬೇಸರದ ಅಧ್ಯಾಯ. ಗೌರವಧನಕ್ಕಾಗಿ 2025ರ ಜನವರಿಯಲ್ಲೂ ಅವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತರು.

ಲಾಕ್‌ಡೌನ್, ಗಡಿ ಮತ್ತು ವಲಸೆ

ಮಾರ್ಚ್ 22ರ ಜನತಾ ಕರ್ಫ್ಯೂ, ಮಾರ್ಚ್ 25ರಿಂದ ರಾಷ್ಟ್ರವ್ಯಾಪಿ ಲಾಕ್‌ಡೌನ್, ಅದರ ವಿಸ್ತರಣೆಗಳು ಮೇ 31ರವರೆಗೆ ಸಾಗಿದವು. ಇಲ್ಲಿ ರಾಜ್ಯಕ್ಕಿದ್ದ ಸ್ವಾತಂತ್ರ್ಯ ಕಡಿಮೆ. ಆದರೆ ಎರಡು ತೀರ್ಮಾನಗಳು ರಾಜ್ಯದವೇ, ಎರಡೂ ಕಹಿ ನೆನಪು ಉಳಿಸಿವೆ.

ಮೊದಲನೆಯದು ಕೇರಳದ ಗಡಿ ಮುಚ್ಚಿದ್ದು. ಕಾಸರಗೋಡಿನವರಿಗೆ ದೊಡ್ಡ ಆಸ್ಪತ್ರೆಯೆಂದರೆ ಮಂಗಳೂರು. ಡಯಾಲಿಸಿಸ್, ಹೃದಯ ಚಿಕಿತ್ಸೆ, ಹೆರಿಗೆ ಎಲ್ಲಕ್ಕೂ ಅವರು ತಲಪಾಡಿ ದಾಟಿ ಬರುವವರು. ಅವರಲ್ಲಿ ಕನ್ನಡಿಗರೂ ತುಳುವರೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಕಾಸರಗೋಡಿನಲ್ಲಿ ಸೋಂಕು ಏರಿತ್ತೆಂಬ ಕಾರಣಕ್ಕೆ ರಸ್ತೆಗಳಿಗೆ ಮಣ್ಣು ಸುರಿದು, ಆಂಬುಲೆನ್ಸುಗಳನ್ನೂ ತಡೆಯಲಾಯಿತು. ಚಿಕಿತ್ಸೆ ಸಿಗದೆ ಗಡಿಯಾಚೆ ರೋಗಿಗಳು ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆಗೆಯಲು ಹೇಳಿತು, ವಿವಾದ ಸುಪ್ರೀಂ ಕೋರ್ಟಿಗೆ ಹೋಯಿತು, ಕಡೆಗೆ ಕೋವಿಡ್ ಅಲ್ಲದ ತುರ್ತು ರೋಗಿಗಳಿಗೆ ತಲಪಾಡಿಯಲ್ಲಿ ದಾರಿ ಬಿಡುವ ಒಪ್ಪಂದವಾಯಿತು. ಸೋಂಕನ್ನು ತಡೆಯುವ ಹೆಸರಿನಲ್ಲಿ ಡಯಾಲಿಸಿಸ್ ರೋಗಿಯನ್ನು ತಡೆದದ್ದಕ್ಕೆ ಸಾರ್ವಜನಿಕ ಆರೋಗ್ಯದ ಯಾವ ಸಮರ್ಥನೆಯೂ ಇಲ್ಲ.

ಎರಡನೆಯದು ವಲಸೆ ಕಾರ್ಮಿಕರ ರೈಲು. ಉತ್ತರ ಮತ್ತು ಪೂರ್ವ ಭಾರತದ ಕಾರ್ಮಿಕರು ಊರಿಗೆ ಮರಳಲು ಶ್ರಮಿಕ ರೈಲುಗಳು ಓಡತೊಡಗಿದ್ದವು. ಮೇ 5ರಂದು ಮುಖ್ಯಮಂತ್ರಿ ಕಟ್ಟಡ ನಿರ್ಮಾಣ ಉದ್ಯಮಿಗಳನ್ನು ಭೇಟಿಯಾದ ಬೆನ್ನಿಗೇ ರಾಜ್ಯ ಸರ್ಕಾರ ಆ ರೈಲುಗಳು ಬೇಡವೆಂದು ರೈಲ್ವೆಗೆ ಬರೆಯಿತು. ದುಡಿಯುವ ಕೈ ಬೇಕೆಂದು ದುಡಿಯುವವರನ್ನು ಕೂಡಿಹಾಕುವುದೇ ಎಂದು ದೇಶದೆಲ್ಲೆಡೆ ಆಕ್ರೋಶವೆದ್ದಿತು, ಎರಡು ದಿನಗಳಲ್ಲಿ ಸರ್ಕಾರ ಹಿಂದೆ ಸರಿಯಿತು. ಈ ನಡುವೆ ಮೇ 6ರಂದು 1,610 ಕೋಟಿ ರೂಪಾಯಿಗಳ ಪರಿಹಾರ ಪ್ಯಾಕೇಜ್ ಪ್ರಕಟವಾಯಿತು. ಕ್ಷೌರಿಕರು, ಅಗಸರು, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ, ನೇಕಾರರು, ಹೂ ಬೆಳೆಗಾರರಿಗೆ ನೆರವು ಅದರಲ್ಲಿದ್ದವು. ಇಂಥ ವೃತ್ತಿಗಳನ್ನು ಹೆಸರಿಟ್ಟು ಗುರುತಿಸಿದ್ದು ಮೆಚ್ಚತಕ್ಕದ್ದು.

ಮೇ ತಿಂಗಳಲ್ಲೇ ಮಹಾರಾಷ್ಟ್ರದಿಂದ ಮರಳಿದ ಕನ್ನಡಿಗರಲ್ಲಿ ಸೋಂಕು ಹೆಚ್ಚಾಗಿ ಕಂಡಿತು. ಮುಂಬಯಿಯಲ್ಲಿ ದುಡಿಯುತ್ತಿದ್ದ ಕೆ.ಆರ್. ಪೇಟೆಯ ಕಡೆಯವರು, ಕಲಬುರಗಿ, ಯಾದಗಿರಿಯ ಕೂಲಿಗಳು ಊರು ಸೇರುತ್ತಿದ್ದಂತೆ ಶಾಲೆ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಆದರು. ಮೇ 18ರ ಹೊತ್ತಿಗೆ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶ ನಿಷೇಧಿಸಲಾಯಿತು.

ಆ ವಸಂತದಲ್ಲಿ ದೆಹಲಿಯ ತಬ್ಲಿಗಿ ಸಮಾವೇಶಕ್ಕೆ ಹೋಗಿಬಂದವರ ನೆಪದಲ್ಲಿ ಇಡೀ ಮುಸ್ಲಿಂ ಸಮುದಾಯದ ಮೇಲೆ ಸೋಂಕಿನ ಹೊಣೆ ಹೊರಿಸುವ ಮಾತುಗಳು ಹಬ್ಬಿದವು. ಯಾರೋ ಕೆಲವರ ತಪ್ಪಿಗೆ ಸಮುದಾಯವನ್ನು ದೂಷಿಸಿದರೆ ಕ್ರಮ ಜರುಗಿಸುವುದಾಗಿ ಯಡಿಯೂರಪ್ಪ ಬಹಿರಂಗವಾಗಿ ಎಚ್ಚರಿಸಿದರು. ಸೋಂಕಿತರು ಹೆದರಿ ಅಡಗಿಕೊಂಡರೆ ಪತ್ತೆ ಕಾರ್ಯವೇ ನಿಂತುಹೋಗುತ್ತದೆ. ಆದ್ದರಿಂದ ಆ ಎಚ್ಚರಿಕೆ ಆರೋಗ್ಯದ ದೃಷ್ಟಿಯಿಂದಲೂ ಸರಿಯಾದದ್ದು. ಏಪ್ರಿಲ್ 19ರಂದು ಬೆಂಗಳೂರಿನ ಪಾದರಾಯನಪುರದಲ್ಲಿ ಆರೋಗ್ಯ ಸಿಬ್ಬಂದಿಯ ಮೇಲೆ ದಾಳಿ ನಡೆದ ಮೇಲೆ ಸರ್ಕಾರ ಸುಗ್ರೀವಾಜ್ಞೆ ತಂದಿತು, ಅದು ಮುಂದೆ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ, 2020 ಆಯಿತು. ಆದರೆ ಆ ಪ್ರಕರಣದ ಬಂಧಿತರನ್ನು ಅದುವರೆಗೆ ಸೋಂಕಿಲ್ಲದಿದ್ದ ರಾಮನಗರದ ಜೈಲಿಗೆ ಸಾಗಿಸಲಾಯಿತು, ಅವರಲ್ಲಿ ಕೆಲವರಿಗೆ ಸೋಂಕಿರುವುದು ಆಮೇಲೆ ತಿಳಿಯಿತು.

ಮೊದಲ ಅಲೆ

ಲಾಕ್‌ಡೌನ್ ಸಡಿಲವಾದ ಮೇಲೆ ಸೋಂಕು ಬೆಂಗಳೂರಿನಲ್ಲಿ ಬೇರು ಬಿಟ್ಟಿತು. ಜೂನ್ 25ರಿಂದ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಸಿ ಮುಗಿಸಿದ್ದು ಆಗ ದೊಡ್ಡ ಪಣದಂತೆ ಕಂಡಿತ್ತು, ಸುಸೂತ್ರವಾಗಿ ನಡೆಯಿತು. ಶಾಲೆ ಮುಚ್ಚಿದ್ದಾಗ ಮಕ್ಕಳಿರುವಲ್ಲಿಗೇ ಶಿಕ್ಷಕರನ್ನು ಕಳಿಸಿದ ‘ವಿದ್ಯಾಗಮ’ ಮಾತ್ರ ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ವರದಿಗಳ ನಂತರ ಅಕ್ಟೋಬರ್‌ನಲ್ಲಿ ನಿಂತಿತು. ಅದರ ಉದ್ದೇಶ ಒಳ್ಳೆಯದಿತ್ತು. ಮೊಬೈಲ್ ಇಲ್ಲದ ಮಕ್ಕಳನ್ನು ನೆನೆದ ಯೋಜನೆ ಅದು.

ಜುಲೈ 14ರಿಂದ 22ರವರೆಗೆ ಬೆಂಗಳೂರಿಗೆ ಮತ್ತೆ ಲಾಕ್‌ಡೌನ್ ಬಂತು. ಖಾಸಗಿ ಆಸ್ಪತ್ರೆಗಳ ಅರ್ಧದಷ್ಟು ಹಾಸಿಗೆಗಳನ್ನು ಸರ್ಕಾರ ಕಳಿಸುವ ರೋಗಿಗಳಿಗೆ ಮೀಸಲಿಡಬೇಕೆಂದೂ, ಅವರಿಗೆ ಸಾಮಾನ್ಯ ವಾರ್ಡಿನಲ್ಲಿ ದಿನಕ್ಕೆ 5,200 ರೂಪಾಯಿ, ವೆಂಟಿಲೇಟರ್ ಸಹಿತ ತೀವ್ರ ನಿಗಾ ಘಟಕದಲ್ಲಿ 10,000 ರೂಪಾಯಿ ದರವೆಂದೂ ಜೂನ್‌ನಲ್ಲಿ ನಿಗದಿಯಾಗಿತ್ತು. ಪಾಲನೆ ಎಲ್ಲೆಡೆ ಒಂದೇ ಸಮ ಇರಲಿಲ್ಲ, ಹಾಸಿಗೆ ನಿರಾಕರಿಸಿದ ಆಸ್ಪತ್ರೆಗಳಿಗೆ ಸರ್ಕಾರ ನೋಟಿಸುಗಳನ್ನು ಕೊಡಬೇಕಾಯಿತು. ತುಮಕೂರು ರಸ್ತೆಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ 10,100 ಹಾಸಿಗೆಗಳ ಕೋವಿಡ್ ಆರೈಕೆ ಕೇಂದ್ರವನ್ನು ದೇಶದಲ್ಲೇ ದೊಡ್ಡದೆಂದು ಪ್ರಕಟಿಸಿ ಕಟ್ಟಲಾಯಿತು. ಅದು ಎಂದೂ ತುಂಬಲಿಲ್ಲ, ಸೆಪ್ಟೆಂಬರ್‌ನಲ್ಲಿ ಮುಚ್ಚಿತು. ಲಕ್ಷಣವಿಲ್ಲದವರು ಮನೆಯಲ್ಲೇ ಇದ್ದು ಗುಣವಾಗಬಹುದೆಂಬ ನೀತಿ ಬಂದ ಮೇಲೆ ಅದರ ಅಗತ್ಯ ಕಡಿಮೆಯಾಗಿತ್ತು. ಬೇಕಾದದ್ದು ಆಮ್ಲಜನಕದ ಕೊಳವೆಯಿರುವ ಹಾಸಿಗೆ.

ಜೂನ್ ಕೊನೆಯಲ್ಲಿ ಬಳ್ಳಾರಿಯಲ್ಲಿ ಕೋವಿಡ್‌ನಿಂದ ಸತ್ತವರ ದೇಹಗಳನ್ನು ಒಂದೇ ಗುಂಡಿಗೆ ಎಸೆಯುತ್ತಿದ್ದ ವಿಡಿಯೊ ಹೊರಬಂದು, ಜಿಲ್ಲಾಡಳಿತ ಕುಟುಂಬಗಳ ಕ್ಷಮೆ ಕೇಳಿತು. ಸೆಪ್ಟೆಂಬರ್‌ನಲ್ಲಿ ಒಂದೇ ವಾರದೊಳಗೆ ರಾಜ್ಯಸಭಾ ಸದಸ್ಯ ಅಶೋಕ್ ಗಸ್ತಿ, ಕೇಂದ್ರ ಸಚಿವ ಸುರೇಶ್ ಅಂಗಡಿ, ಬಸವಕಲ್ಯಾಣದ ಶಾಸಕ ಬಿ. ನಾರಾಯಣರಾವ್ ಸೋಂಕಿಗೆ ಬಲಿಯಾದರು. ಅಕ್ಟೋಬರ್‌ನಲ್ಲಿ ದಿನದ ಪ್ರಕರಣಗಳು ಹತ್ತು ಸಾವಿರ ದಾಟಿದವು, ದಿನಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಪರೀಕ್ಷೆಗಳು ನಡೆಯುತ್ತಿದ್ದವು. ಮಾರ್ಚ್‌ನಲ್ಲಿ ಬೆರಳೆಣಿಕೆಯಷ್ಟಿದ್ದ ಪ್ರಯೋಗಾಲಯಗಳಿಂದ ಇಲ್ಲಿಗೆ ಬಂದದ್ದು ಸಣ್ಣ ಸಾಧನೆಯಲ್ಲ. ಪರೀಕ್ಷೆಯ ಹೊಣೆ ಜಯದೇವ ಹೃದ್ರೋಗ ಸಂಸ್ಥೆಯ ಡಾ. ಸಿ.ಎನ್. ಮಂಜುನಾಥ್ ಅವರದಾಗಿತ್ತು. ಆರೋಗ್ಯ ಖಾತೆ ಬಿ. ಶ್ರೀರಾಮುಲು ಅವರ ಬಳಿ, ವೈದ್ಯಕೀಯ ಶಿಕ್ಷಣ ಡಾ. ಕೆ. ಸುಧಾಕರ್ ಅವರ ಬಳಿ ಹಂಚಿಹೋಗಿದ್ದರಿಂದ ಆದ ಗೊಂದಲ ಅಕ್ಟೋಬರ್ 12ರಂದು ಎರಡೂ ಸುಧಾಕರ್ ಕೈಗೆ ಬಂದಾಗ ಮುಗಿಯಿತು. ಮಾಸ್ಕ್ ಹಾಕದವರಿಗೆ ನಗರದಲ್ಲಿ ವಿಧಿಸಿದ್ದ 1,000 ರೂಪಾಯಿ ದಂಡ ಜನರ ವಿರೋಧಕ್ಕೆ ಒಂದೇ ವಾರದಲ್ಲಿ 250ಕ್ಕೆ ಇಳಿಯಿತು.

ಎರಡು ಅಲೆಗಳ ನಡುವೆ

ಸೆಪ್ಟೆಂಬರ್‌ನಲ್ಲಿ ರಾಜ್ಯ ನಡೆಸಿದ ಸೆರೊ ಸಮೀಕ್ಷೆ ಈ ಇಡೀ ಅವಧಿಯ ಅತ್ಯಂತ ಬೆಲೆಬಾಳುವ ದಾಖಲೆ. ಎಲ್ಲ ಜಿಲ್ಲೆಗಳಿಂದ ಸುಮಾರು 16 ಸಾವಿರ ಜನರ ರಕ್ತ ಮತ್ತು ಗಂಟಲ ದ್ರವ ಪರೀಕ್ಷಿಸಿ, ಸೆಪ್ಟೆಂಬರ್ 16ರ ಹೊತ್ತಿಗೆ ಜನಸಂಖ್ಯೆಯ ಶೇ 27.3ರಷ್ಟು ಮಂದಿಗೆ, ಎಂದರೆ 1.93 ಕೋಟಿ ಜನರಿಗೆ, ಸೋಂಕು ಆಗಲೇ ತಗುಲಿತ್ತು ಅಥವಾ ಇತ್ತು ಎಂದು ಅದು ಅಂದಾಜಿಸಿತು. ಪತ್ತೆಯಾದ ಪ್ರತಿ ಪ್ರಕರಣಕ್ಕೆ ಸುಮಾರು ನಲವತ್ತು ಸೋಂಕುಗಳಿದ್ದವು. ಈ ವರದಿಯಲ್ಲಿ ಎರಡು ಸಂಗತಿಗಳಿದ್ದವು: ಸೋಂಕು ನಾವು ಎಣಿಸಿದ್ದಕ್ಕಿಂತ ಎಷ್ಟೋ ಪಟ್ಟು ಹರಡಿದೆ, ಆದರೂ ನಾಲ್ವರಲ್ಲಿ ಸುಮಾರು ಮೂವರಿಗೆ ಇನ್ನೂ ತಗುಲಿಲ್ಲ. ಸರ್ಕಾರ ಮೊದಲನೆಯದರಿಂದ ನೆಮ್ಮದಿ ಪಡೆಯಿತು. ಎರಡನೆಯದನ್ನು ಮರೆಯಿತು.

ಡಾ. ಎಂ.ಕೆ. ಸುದರ್ಶನ್ ಅಧ್ಯಕ್ಷತೆಯ ತಾಂತ್ರಿಕ ಸಲಹಾ ಸಮಿತಿ ಮರೆತಿರಲಿಲ್ಲ. 2020ರ ಕೊನೆಯಲ್ಲೇ ಎರಡನೇ ಅಲೆ ಬರಲಿದೆ, ಹಾಸಿಗೆ ಮತ್ತು ಸಿಬ್ಬಂದಿಯನ್ನು ಸಜ್ಜಾಗಿಡಿ, ಜನ ಸೇರುವುದನ್ನು ನಿಯಂತ್ರಿಸಿ ಎಂದು ಅದು ಸರ್ಕಾರಕ್ಕೆ ತಿಳಿಸಿತ್ತು. ಸಲಹೆಗಳ ಗತಿ ಏನಾಗುತ್ತಿತ್ತು ಎಂಬುದಕ್ಕೆ ಡಿಸೆಂಬರ್ ಒಂದು ಉದಾಹರಣೆ: ರಾತ್ರಿ ಕರ್ಫ್ಯೂ ಪ್ರಕಟವಾಯಿತು, ಮರುದಿನ ಜಾರಿಗೆ ಬರುವ ಮೊದಲೇ ವಾಪಸಾಯಿತು. 2021ರ ಏಪ್ರಿಲ್ ಆರಂಭದ್ದು ಇನ್ನೊಂದು. ಪ್ರಕರಣಗಳು ಏರುತ್ತಿದ್ದಾಗ ಚಿತ್ರಮಂದಿರಗಳಲ್ಲಿ ಅರ್ಧ ಆಸನಗಳಿಗಷ್ಟೇ ಅನುಮತಿ ಎಂಬ ಆದೇಶ ಬಂತು, ಆಗಷ್ಟೇ ‘ಯುವರತ್ನ’ ತೆರೆಕಂಡಿದ್ದ ಚಿತ್ರೋದ್ಯಮ ಬೇಡಿಕೊಂಡಿತು, ಆದೇಶ ಏಪ್ರಿಲ್ 7ಕ್ಕೆ ಮುಂದೆ ಹೋಯಿತು. ಏಪ್ರಿಲ್ 17ರಂದು ಬೆಳಗಾವಿ ಲೋಕಸಭಾ ಕ್ಷೇತ್ರಕ್ಕೂ ಬಸವಕಲ್ಯಾಣ, ಮಸ್ಕಿ ವಿಧಾನಸಭಾ ಕ್ಷೇತ್ರಗಳಿಗೂ ಉಪಚುನಾವಣೆ ನಡೆಯಿತು. ಬೆಳಗಾವಿ, ಬಸವಕಲ್ಯಾಣಗಳ ಸ್ಥಾನ ತೆರವಾದದ್ದೇ ಕೋವಿಡ್ ಸಾವಿನಿಂದ. ಆ ಸ್ಥಾನ ತುಂಬಲು ಎಲ್ಲ ಪಕ್ಷಗಳೂ ಸಾವಿರಾರು ಜನರನ್ನು ಸೇರಿಸಿ ಪ್ರಚಾರ ಮಾಡಿದವು. ಮತದಾನದ ಹಿಂದಿನ ದಿನ ಮುಖ್ಯಮಂತ್ರಿಗೇ ಎರಡನೇ ಬಾರಿ ಸೋಂಕು ದೃಢಪಟ್ಟಿತು.

ಎರಡನೇ ಅಲೆ

ಫೆಬ್ರುವರಿಯಲ್ಲಿ ದಿನಕ್ಕೆ ಕೆಲವು ನೂರರಷ್ಟಿದ್ದ ಪ್ರಕರಣಗಳು ಮೇ 5ರಂದು 50,112 ಆದವು. ಅವುಗಳಲ್ಲಿ ಸುಮಾರು ಅರ್ಧ ಬೆಂಗಳೂರಿನವು. ಮೇ ತಿಂಗಳಲ್ಲಿ ದಿನದ ಸಾವು 600 ದಾಟಿದ್ದೂ ಉಂಟು. ಡೆಲ್ಟಾ ತಳಿಯ ವೇಗ ಇಡೀ ದೇಶವನ್ನು ಹಣ್ಣುಮಾಡಿತ್ತು, ಕರ್ನಾಟಕ ಅದಕ್ಕೆ ಹೊರತಾಗಿರಲು ಸಾಧ್ಯವಿರಲಿಲ್ಲ ಎಂಬುದು ನಿಜ. ಆದರೂ ಇಲ್ಲಿ ಕುಸಿದದ್ದು ಏನೆಂದು ಬಿಡಿಸಿ ನೋಡಬೇಕು.

ಬೆಂಗಳೂರಿನಲ್ಲಿ ಸರ್ಕಾರಿ ಕೋಟಾದ ಹಾಸಿಗೆ ಸಿಗಬೇಕಾದರೆ ರೋಗಿಗೆ ‘ಬಿಯು ನಂಬರ್’ ಬೇಕಿತ್ತು. ಪರೀಕ್ಷೆಯ ಫಲಿತಾಂಶ ಬಂದು, ಅದು ಪೋರ್ಟಲ್‌ಗೆ ಏರಿ, ಅಲ್ಲಿಂದ ಈ ಸಂಖ್ಯೆ ಹುಟ್ಟುತ್ತಿತ್ತು. ಪರೀಕ್ಷೆಗಳು ರಾಶಿಬಿದ್ದು ಫಲಿತಾಂಶ ದಿನಗಟ್ಟಲೆ ತಡವಾದಾಗ ಸಂಖ್ಯೆಯೂ ತಡವಾಯಿತು. ಉಸಿರಿಗೆ ಏದುತ್ತಿದ್ದವರ ಮನೆಯವರು 108ಕ್ಕೂ 1912ಕ್ಕೂ ಕರೆ ಮಾಡುತ್ತ ಆ ಸಂಖ್ಯೆಗಾಗಿ ಕಾದರು. ಮೊದಲ ಅಲೆಯಲ್ಲಿ ಸೋಂಕಿನ ಸರಪಳಿ ಹಿಡಿಯಲು ನೆರವಾದ ಸಂಖ್ಯೆಯ ಶಿಸ್ತೇ ಈಗ ಆಸ್ಪತ್ರೆಯ ಬಾಗಿಲಿಗೆ ಅಡ್ಡ ನಿಂತಿತು. ಹಾಸಿಗೆ ಹಂಚಿಕೆಯಲ್ಲಿ ಹಣ ಪಡೆದ ಆರೋಪದ ಮೇಲೆ ಮೇ ತಿಂಗಳಲ್ಲಿ ಬಂಧನಗಳೂ ಆದವು. ರೆಮ್‌ಡಿಸಿವಿರ್ ಕಾಳಸಂತೆಗೆ ಹೋಯಿತು. ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿದವು, ತಾವರೆಕೆರೆ ಮತ್ತು ಗಿಡ್ಡೇನಹಳ್ಳಿಯಲ್ಲಿ ಬಯಲು ಚಿತಾಗಾರಗಳನ್ನು ತೆರೆಯಲಾಯಿತು. ಯಾರೂ ಪಡೆಯಲು ಬಾರದೆ ಉಳಿದ ನೂರಾರು ಮಂದಿಯ ಚಿತಾಭಸ್ಮವನ್ನು ಜೂನ್ 2ರಂದು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ಸರ್ಕಾರವೇ ವಿಧಿಪೂರ್ವಕ ವಿಸರ್ಜಿಸಿತು.

ಚಾಮರಾಜನಗರದ ದುರಂತವನ್ನು ಪ್ರತ್ಯೇಕವಾಗಿ ಹೇಳಬೇಕು. 2020ರಲ್ಲಿ ಜೂನ್‌ವರೆಗೂ ಸೋಂಕಿಲ್ಲದೆ ಉಳಿದ ರಾಜ್ಯದ ಕೊನೆಯ ಜಿಲ್ಲೆ ಇದು, ಆ ಕಾರಣಕ್ಕೆ ಹೆಸರಾಗಿತ್ತು. 2021ರ ಮೇ 2ರ ರಾತ್ರಿ ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯಿತು. ಸಿಲಿಂಡರುಗಳು ಮೈಸೂರಿನಿಂದ ಬರಬೇಕಿತ್ತು, ಹೊತ್ತಿಗೆ ಬರಲಿಲ್ಲ. ಒಂದು ದಿನದೊಳಗೆ 24 ರೋಗಿಗಳು ಸತ್ತರೆಂದು ಮೊದಲ ಸುದ್ದಿ. ಅವರಲ್ಲಿ ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರೇ ಎಂದು ಸರ್ಕಾರದ ಕಡೆಯಿಂದ ಹೇಳಿಕೆ ಬಂತು. ಹೈಕೋರ್ಟ್ ನೇಮಿಸಿದ, ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡ ನೇತೃತ್ವದ ಸಮಿತಿ ಸತ್ತವರ ಸಂಖ್ಯೆಯನ್ನು 36 ಎಂದು ಗುರುತಿಸಿ, ಜಿಲ್ಲಾಡಳಿತದ ಲೋಪವನ್ನು ಎತ್ತಿ ತೋರಿಸಿತು. ಬಳ್ಳಾರಿಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯೂ ಸೇರಿ ದೊಡ್ಡ ಪ್ರಮಾಣದಲ್ಲಿ ಆಮ್ಲಜನಕ ತಯಾರಿಸುವ ರಾಜ್ಯ ಇದು. ಉತ್ಪಾದನೆ ಇದ್ದೂ ಕೊನೆಯ ಜಿಲ್ಲೆಯ ಆಸ್ಪತ್ರೆಗೆ ಅದು ತಲುಪುವ ದಾರಿ ಗಟ್ಟಿಯಾಗಿರಲಿಲ್ಲ. ದೊಡ್ಡ ಶೇಖರಣಾ ತೊಟ್ಟಿ, ಆಸ್ಪತ್ರೆಯಲ್ಲೇ ಉತ್ಪಾದನಾ ಘಟಕ, ರಾತ್ರಿ ಪಾಳಿಯಲ್ಲಿ ದಾಸ್ತಾನು ನೋಡುವ ಒಬ್ಬ ಹೊಣೆಗಾರ ಇಷ್ಟಕ್ಕೆ ಹಿಂದಿನ ಅಕ್ಟೋಬರ್‌ನಿಂದ ಆರು ತಿಂಗಳು ಸಮಯವಿತ್ತು.

ಮೇ 5ರಂದು ರಾಜ್ಯದ ದೈನಂದಿನ ಆಮ್ಲಜನಕದ ಪಾಲನ್ನು 1,200 ಟನ್ನಿಗೆ ಏರಿಸುವಂತೆ ಹೈಕೋರ್ಟ್ ಕೇಂದ್ರಕ್ಕೆ ಆದೇಶಿಸಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು, ಅಲ್ಲಿ ತಡೆ ಸಿಗಲಿಲ್ಲ. ತನ್ನ ಜನರ ಉಸಿರಿಗಾಗಿ ರಾಜ್ಯದ ಚುನಾಯಿತ ಸರ್ಕಾರ ಗಟ್ಟಿಯಾಗಿ ಕೇಳಬೇಕಾದದ್ದನ್ನು ನ್ಯಾಯಾಲಯ ಕೇಳಿಕೊಟ್ಟಿತು. ಮೇ 11ರಂದು 120 ಟನ್ ಹೊತ್ತ ಮೊದಲ ಆಕ್ಸಿಜನ್ ಎಕ್ಸ್‌ಪ್ರೆಸ್ ಜಾರ್ಖಂಡ್‌ನಿಂದ ವೈಟ್‌ಫೀಲ್ಡ್‌ಗೆ ಬಂತು. ಏಪ್ರಿಲ್ 27ರಿಂದ ಕರ್ಫ್ಯೂ, ಮೇ 10ರಿಂದ ಬಿಗಿ ಲಾಕ್‌ಡೌನ್ ಜಾರಿಯಲ್ಲಿದ್ದು, ಜೂನ್ ಮಧ್ಯದಿಂದ ಹಂತಹಂತವಾಗಿ ಸಡಿಲವಾಯಿತು. ಸೋಂಕು ಹಳ್ಳಿಗಳಿಗೆ ಇಳಿದ ಮೇಲೆ ‘ವೈದ್ಯರ ನಡೆ ಹಳ್ಳಿಯ ಕಡೆ’ ಎಂಬ ಕಾರ್ಯಕ್ರಮದಲ್ಲಿ ವೈದ್ಯರ ತಂಡಗಳು ಊರೂರಿಗೆ ಹೋದವು. ಒಳ್ಳೆಯ ಕೆಲಸ, ತಡವಾಗಿ ಬಂದ ಕೆಲಸ.

ಲಸಿಕೆ, ಪರಿಹಾರ, ಮೂರನೇ ಅಲೆ

ಲಸಿಕೆ 2021ರ ಜನವರಿ 16ರಂದು ಆರೋಗ್ಯ ಸಿಬ್ಬಂದಿಯಿಂದ ಆರಂಭವಾಯಿತು. ಮೇ 1ರಿಂದ 18 ದಾಟಿದ ಎಲ್ಲರಿಗೂ ಎಂದು ಕೇಂದ್ರ ಹೇಳಿದಾಗ ರಾಜ್ಯದಲ್ಲಿ ದಾಸ್ತಾನೇ ಇರಲಿಲ್ಲ. ಎರಡನೇ ಡೋಸ್‌ಗೆ ಕಾದಿದ್ದ ಹಿರಿಯರಿಗೂ ಸಾಲದೆ, ಮೇ ಮಧ್ಯದಲ್ಲಿ 18ರಿಂದ 44ರವರ ಲಸಿಕೆ ನಿಂತಿತು. ಜೂನ್ 21ರಿಂದ ಕೇಂದ್ರವೇ ಖರೀದಿಸಿ ಕೊಡತೊಡಗಿದ ಮೇಲೆ ಗಾಡಿ ಹಳಿಗೆ ಬಂತು. ಆ ಒಂದೇ ದಿನ ರಾಜ್ಯದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಡೋಸ್ ನೀಡಲಾಯಿತು.

ಕೋವಿಡ್‌ನಿಂದ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿ ಕೊಡುವ ಬಾಲ ಸೇವಾ ಯೋಜನೆ ಮೇ ಕೊನೆಯಲ್ಲೂ, ದುಡಿಯುವವರನ್ನು ಕಳೆದುಕೊಂಡ ಬಿಪಿಎಲ್ ಕುಟುಂಬಕ್ಕೆ ಒಂದು ಲಕ್ಷ ರೂಪಾಯಿ ಪರಿಹಾರ ಜೂನ್‌ನಲ್ಲೂ ಪ್ರಕಟವಾದವು.

ಭಾರತದ ಮೊದಲ ಎರಡು ಒಮೈಕ್ರಾನ್ ಪ್ರಕರಣಗಳು ಪತ್ತೆಯಾದದ್ದು ಬೆಂಗಳೂರಿನಲ್ಲಿ, 2021ರ ಡಿಸೆಂಬರ್ 2ರಂದು ಪ್ರಕಟವಾದವು. ವಂಶವಾಹಿ ವಿಶ್ಲೇಷಣೆಗೆ ನಿಮ್ಹಾನ್ಸ್‌ನಲ್ಲಿದ್ದ ಡಾ. ವಿ. ರವಿ ಮತ್ತಿತರರು ಕಟ್ಟಿದ ವ್ಯವಸ್ಥೆ ಇಲ್ಲಿ ಫಲ ಕೊಟ್ಟಿತು. 2022ರ ಜನವರಿ 23ರಂದು 50,210 ಪ್ರಕರಣಗಳು ದಾಖಲಾದವು, ಎರಡನೇ ಅಲೆಯ ಶಿಖರಕ್ಕಿಂತ ಒಂದಿಷ್ಟು ಹೆಚ್ಚೇ. ಆದರೆ ಲಸಿಕೆ ಪಡೆದವರೂ ಹಿಂದೆ ಸೋಂಕು ತಗುಲಿದವರೂ ಹೆಚ್ಚಿದ್ದರಿಂದ ಆಸ್ಪತ್ರೆಗಳು ತುಂಬಲಿಲ್ಲ. ವಾರಾಂತ್ಯದ ಕರ್ಫ್ಯೂ ಎರಡು ವಾರಗಳಲ್ಲಿ, ರಾತ್ರಿ ಕರ್ಫ್ಯೂ ಜನವರಿ ಕೊನೆಗೆ ಮುಗಿಯಿತು.

ಲೆಕ್ಕ ಮತ್ತು ಹೊಣೆ

ಅಧಿಕೃತ ಲೆಕ್ಕದಲ್ಲಿ ರಾಜ್ಯದ ಪ್ರಕರಣಗಳು 40 ಲಕ್ಷ ದಾಟಿವೆ, ಸಾವುಗಳು ಸುಮಾರು 40 ಸಾವಿರ. ಪ್ರಕರಣಗಳ ಸಂಖ್ಯೆ ಎಷ್ಟು ಕಡಿಮೆಯೆಂಬುದನ್ನು ರಾಜ್ಯದ್ದೇ ಸೆರೊ ಸಮೀಕ್ಷೆ ಹೇಳಿದೆ. ಸಾವಿನ ಲೆಕ್ಕವೂ ಅಪೂರ್ಣ. 2020 ಮತ್ತು 2021ರಲ್ಲಿ ಭಾರತದಲ್ಲಿ ಸುಮಾರು 47 ಲಕ್ಷ ಹೆಚ್ಚುವರಿ ಸಾವುಗಳಾಗಿವೆ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜನ್ನು ಕೇಂದ್ರ ಒಪ್ಪಿಲ್ಲ, ಆದರೆ ದೇಶದ ಅಧಿಕೃತ ಸಂಖ್ಯೆ ಸುಮಾರು ಐದು ಲಕ್ಷ ಮಾತ್ರ ಎಂಬ ಅಂತರಕ್ಕೆ ಸಮಾಧಾನಕರ ಉತ್ತರವೂ ಬಂದಿಲ್ಲ. ಪರೀಕ್ಷೆಯಾಗದೆ ಮನೆಯಲ್ಲಿ ಸತ್ತವರು, ಹಾಸಿಗೆಗೆ ಕಾಯುತ್ತ ಆಂಬುಲೆನ್ಸಿನಲ್ಲಿ ಸತ್ತವರು ಕರ್ನಾಟಕದಲ್ಲೂ ಇದ್ದರು. ಸರ್ಕಾರ ಬದಲಾದ ಮೇಲೆ, 2023ರ ಆಗಸ್ಟ್‌ನಲ್ಲಿ, ಕೋವಿಡ್ ಕಾಲದ ಖರೀದಿ ಮತ್ತು ಆಮ್ಲಜನಕದ ಕೊರತೆಯ ಸಾವುಗಳ ತನಿಖೆಗೆ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗ ರಚನೆಯಾಯಿತು. 2024ರ ಆಗಸ್ಟ್‌ನಲ್ಲಿ ಅದು ಮಧ್ಯಂತರ ವರದಿ ಕೊಟ್ಟು ಖರೀದಿಯಲ್ಲಿ ಅಕ್ರಮಗಳನ್ನು ಗುರುತಿಸಿತು. ಹಿಂದಿನ ಸರ್ಕಾರದಲ್ಲಿದ್ದವರು ಇದನ್ನು ರಾಜಕೀಯ ದ್ವೇಷವೆಂದು ತಳ್ಳಿಹಾಕಿದ್ದಾರೆ.

ಹಣದ ತನಿಖೆ ನಡೆಯಲೇಬೇಕು. ಆದರೆ 2020ರ ನವೆಂಬರ್‌ನಿಂದ 2021ರ ಮಾರ್ಚ್‌ವರೆಗೆ ತಜ್ಞರ ಸಲಹೆಗಳು ಯಾರ ಮೇಜಿನ ಮೇಲೆ ಎಷ್ಟು ದಿನ ಕೂತವು, ಯಾವ ಕಾರಣಕ್ಕೆ ಕೂತವು ಎಂಬುದೂ ಅಷ್ಟೇ ದೊಡ್ಡ ಪ್ರಶ್ನೆ. ಮುಂದೆ ಯಾವ ಪಕ್ಷದ ಸರ್ಕಾರವೇ ಇರಲಿ, ತಾಂತ್ರಿಕ ಸಲಹಾ ಸಮಿತಿಯ ಪ್ರತಿ ಶಿಫಾರಸನ್ನೂ ಅದು ಕೈಸೇರಿದ ದಿನವೇ ಜನರ ಮುಂದಿಡಬೇಕು. ಒಪ್ಪದಿದ್ದರೆ ಕಾರಣವನ್ನು ಬರಹದಲ್ಲಿ ಕೊಡಬೇಕು. 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ಈ ಎರಡು ಮಾತುಗಳನ್ನು ಸೇರಿಸಲು ವಿಧಾನಮಂಡಲದ ಒಂದು ಅಧಿವೇಶನ ಸಾಕು.